ಹಳೇ ಮನೆ ಮನಸ್ಸಿಗೆ ಹಿಡಿಸಿದೆ, ತಪಾಸಣೆ ವರದಿ ನೋಡಿ ದಿಗಿಲಾಗಿದೆ. ಕೊಳ್ಳೋದೋ ಬಿಡೋದೋ?

ಹೊಸಿಲು

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಮನೆ ಕೊಳ್ಳೋಕೆ ಮಾತಾಡಿದ್ದೀವಿ. ಬಾಯಿಮಾತಲ್ಲಿ ಬೆಲೆ ಕುದುರಿದೆ, ಮುಂಗಡ ಇನ್ನೂ ಕೊಟ್ಟಿಲ್ಲ. ಕೊಡೋ ಮುಂಚೆ ಕಟ್ಟಡ ತಪಾಸಣೆ ಮಾಡೋರೊಬ್ಬರನ್ನ ಕರೆಸಿ ಪೂರ್ತಿ ತೋರಿಸಿದ್ವಿ. ವರದಿ ಕೈಗೆ ಬಂದಾಗಿನಿಂದ ಮನೇಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ.

ಮನೆ ಎರಡು ಕಾಲದ್ದು. ಮುಂದಿನ ಭಾಗ ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆ-ಜಂತೆ ಮೇಲೆ ಹೆಂಚು. ಎಂಬತ್ತು ವರ್ಷದ ಆಸುಪಾಸು ಅಂತಾರೆ. ಹಿಂದಿನ ಅಡುಗೆಮನೆ, ಬಚ್ಚಲು, ಒಂದು ಸಣ್ಣ ಕೋಣೆ ಆಮೇಲೆ ಸೇರಿಸಿದ್ದು, ಮೇಲೆ ಆರ್‌ಸಿಸಿ ತಾರಸಿ. ಅದಕ್ಕೆ 35 ವರ್ಷ. ಎಲ್ಲಾ ಕೋಣೆಗಳೂ ನೆಲಮಟ್ಟದಲ್ಲೇ ಇವೆ, ಒಂದು ಮೆಟ್ಟಿಲೂ ಇಲ್ಲ. ನಮ್ಮ ಅತ್ತೆಗೆ ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗಲ್ಲ. ಈ ಮನೆ ಹಿಡಿಸಿದ್ದು ಮುಖ್ಯವಾಗಿ ಅದಕ್ಕೇ.

ವರದಿಯಲ್ಲಿ ಕೆಂಪು ಗುರುತು ಹಾಕಿರೋದು ಇವಿಷ್ಟು. ಹಳೇ ಭಾಗ, ಹೊಸ ಭಾಗ ಸೇರೋ ಹತ್ತಿರ ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು, ಅಗಲ ಹೆಚ್ಚಿರೋ ಕಡೆ 6 ಮಿ.ಮೀ. ಬಚ್ಚಲಿನ ಚಾವಣಿಯಲ್ಲಿ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣಿಸ್ತಿದೆ. ಮುಂದಿನ ಕೋಣೆಗಳ ಗೋಡೆಗೆ ನೆಲದಿಂದ ಸೊಂಟದೆತ್ತರದವರೆಗೆ ತೇವ ಏರಿ ಬಣ್ಣ ಹೊಪ್ಪಳಿಕೆ ಎದ್ದಿದೆ. ಎರಡು ತೊಲೆಗಳ ತುದಿ ಮೆತ್ತಗಾಗಿರಬಹುದು ಅನ್ನೋ ಅನುಮಾನ. ವೈರಿಂಗ್ ತೀರಾ ಹಳೇದು, ಅರ್ಥಿಂಗ್ ಇಲ್ಲ. ಅಡಿಪಾಯದ ಮುಂದೆ "ನೋಡಲು ಸಾಧ್ಯವಾಗಿಲ್ಲ", ಚರಂಡಿ ಪೈಪಿನ ಮುಂದೆಯೂ "ನೋಡಲು ಸಾಧ್ಯವಾಗಿಲ್ಲ". "ತಜ್ಞರಿಂದ ಹೆಚ್ಚಿನ ಪರಿಶೀಲನೆ ಮಾಡಿಸುವುದು ಸೂಕ್ತ" ಅನ್ನೋ ಮಾತಂತೂ ಪ್ರತಿ ಪುಟದಲ್ಲೂ ಇದೆ.

ನಮ್ಮೆಜಮಾನ್ರು ಬಿಟ್ಟುಬಿಡೋಣ ಅಂತಾರೆ. ನನಗೆ ಮನಸ್ಸೊಪ್ಪುತ್ತಿಲ್ಲ. ಮಾರೋರು ಬೇರೆ ಪಾರ್ಟಿ ಕಾಯ್ತಿದ್ದಾರೆ, ಈ ವಾರದೊಳಗೆ ಹೇಳಿ ಅಂತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ. ಈ ಪಟ್ಟಿಯಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ನೀಲಿಕಿಟಕಿ

ಮೇಡಂ, ನನ್ನ ಅನುಭವ ಹೇಳ್ತೀನಿ. ನಾವು ನೋಡಿದ್ದ ಒಂದು ಮನೆಯ ವರದಿಯಲ್ಲಿ ನೆಲ ತಟ್ಟಿದರೆ ಟೊಳ್ಳು ಸದ್ದು ಬರುತ್ತೆ ಅಂತಿತ್ತು. ಒಂದೇ ಒಂದು ಹಾಸುಗಲ್ಲು ಎತ್ತಿ ನೋಡ್ತೀವಿ, ನಮ್ಮ ಖರ್ಚಲ್ಲೇ ವಾಪಸ್ ಕೂರಿಸಿಕೊಡ್ತೀವಿ ಅಂದ್ವಿ. ಒಪ್ಪಲಿಲ್ಲ. "ಇಷ್ಟವಿದ್ರೆ ತಗೊಳ್ಳಿ" ಅಂದುಬಿಟ್ರು. ಅಲ್ಲಿಗೇ ಕೈಬಿಟ್ವಿ. ನೆಲ ಟೊಳ್ಳಾಗಿದ್ದಕ್ಕಲ್ಲ, ನೋಡೋಕೇ ಬಿಡಲಿಲ್ಲವಲ್ಲ ಅನ್ನೋದಕ್ಕೆ.

ನಿಮ್ಮ ಪಟ್ಟಿಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಬಿರುಕಲ್ಲ. ಆ ಎರಡು "ನೋಡಲು ಸಾಧ್ಯವಾಗಿಲ್ಲ" ಇವೆಯಲ್ಲ, ಅವು. ಅದಕ್ಕೆ ಉತ್ತರ ಸಿಗೋವರೆಗೂ ಒಂದು ಪೈಸೆ ಮುಂಗಡ ಕೊಡಬೇಡಿ.

ಪಾಯದ ಕಲ್ಲು

ನಾನು ಸ್ಟ್ರಕ್ಚರಲ್ ಇಂಜಿನಿಯರ್. ಹಳೇ ಕಟ್ಟಡಗಳ ಪರೀಕ್ಷೆಯೇ ನನ್ನ ಹೆಚ್ಚಿನ ಕೆಲಸ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ವರದಿ ಓದುವ ಬಗೆ. ಒಂದು ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಪಕ್ಕದಲ್ಲಿ ಗುರುತು ಹಾಕಿ. ಇದು ಅವರು ಕಣ್ಣಾರೆ ಕಂಡದ್ದೋ, ಅಳೆದದ್ದೋ, ಊಹಿಸಿದ್ದೋ, ಅಥವಾ ನೋಡಲಾಗದೆ ಬಿಟ್ಟದ್ದೋ? ಬಿರುಕಿನ ಅಗಲ ಅಳೆದದ್ದು. ಕಂಬಿ ಕಂಡದ್ದು. ತೊಲೆಯ ತುದಿ ಊಹೆ. ಅಡಿಪಾಯ ಮತ್ತು ಚರಂಡಿ ಬಿಟ್ಟದ್ದು. ಕಂಡ ದೋಷಕ್ಕೆ ಖರ್ಚಿನ ಅಂದಾಜು ಹಾಕಬಹುದು. ಊಹೆಗೂ ಬಿಟ್ಟದ್ದಕ್ಕೂ ಮೊದಲು ಪರೀಕ್ಷೆ ಆಗಬೇಕು. ಈ ತಪಾಸಣೆ ಒಡೆಯದೆ, ಅಗೆಯದೆ, ಕಣ್ಣಿಗೆ ಕಂಡಷ್ಟನ್ನು ನೋಡುವಂಥದ್ದು. ಆದ್ದರಿಂದ "ಹೆಚ್ಚಿನ ಪರಿಶೀಲನೆ" ಎಂಬ ಮಾತು ಅದರಲ್ಲಿ ಬಂದೇ ಬರುತ್ತದೆ. ಎಷ್ಟು ಸಲ ಬಂದಿದೆ ಎಂದು ಎಣಿಸಿ ಹೆದರಬೇಡಿ, ಎಲ್ಲೆಲ್ಲಿ ಬಂದಿದೆ ನೋಡಿ.

ಬಿರುಕಿನ ವಿಷಯ. ಬ್ರಿಟನ್ನಿನ ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ 1981ರಲ್ಲಿ ಹೊರತಂದ ಒಂದು ವರ್ಗೀಕರಣವನ್ನು ನಮ್ಮ ವೃತ್ತಿಯಲ್ಲಿ ಈಗಲೂ ಬಳಸುತ್ತೇವೆ. 0.1 ಮಿ.ಮೀ. ಒಳಗಿನದು ಕೂದಲೆಳೆ ಬಿರುಕು, ಲೆಕ್ಕಕ್ಕಿಲ್ಲ. 1 ಮಿ.ಮೀ. ವರೆಗೆ ಬಣ್ಣ ಬಳಿಯುವಾಗ ಮುಚ್ಚಿಹೋಗುತ್ತದೆ. 5 ಮಿ.ಮೀ. ವರೆಗೆ ತುಂಬಿಸಿದರೆ ಸಾಕು. 5ರಿಂದ 15 ಮಿ.ಮೀ. ಮೂರನೇ ವರ್ಗ: ಮೇಸ್ತ್ರಿ ಬಿರುಕನ್ನು ಬಿಡಿಸಿ ಕೆಲವು ಇಟ್ಟಿಗೆ ಬದಲಿಸಬೇಕಾಗಬಹುದು, ಬಾಗಿಲು-ಕಿಟಕಿ ಬಿಗಿಯುತ್ತವೆ, ಪೈಪು ಒಡೆಯುವ ಸಂಭವವಿದೆ. 15 ದಾಟಿದರೆ ಗೋಡೆಯ ಭಾಗಗಳನ್ನೇ ಕಿತ್ತು ಕಟ್ಟುವ ಮಾತು. 25 ದಾಟಿದರೆ ಕಟ್ಟಡ ನಿಲ್ಲುತ್ತದೆಯೇ ಎಂಬ ಪ್ರಶ್ನೆ. ನಿಮ್ಮದು ಮೂರನೇ ವರ್ಗದ ಆರಂಭದಲ್ಲಿದೆ. ಆದರೆ ಈ ವರ್ಗೀಕರಣ ಹೇಳುವುದು ರಿಪೇರಿ ಎಷ್ಟು ಕಷ್ಟ ಎಂಬುದನ್ನು ಮಾತ್ರ. ಬಿರುಕು ಏಕೆ ಬಂತು, ಇನ್ನೂ ಬೆಳೆಯುತ್ತಿದೆಯೇ ಎಂಬುದಕ್ಕೆ ಅಗಲದಲ್ಲಿ ಉತ್ತರವಿಲ್ಲ. ನಿಮ್ಮ ತೀರ್ಮಾನ ನಿಂತಿರುವುದು ಆ ಉತ್ತರದ ಮೇಲೆ.

ಹಾಗಾಗಿ ಮತ್ತೊಮ್ಮೆ ಹೋಗಿ, ಟಾರ್ಚ್ ಹಿಡಿದು ಬಿರುಕಿನ ಒಳಗೆ ನೋಡಿ. ಒಳಮೈಗೆ ಹಳೇ ಬಣ್ಣ ಇಳಿದಿದೆಯೇ? ಧೂಳು, ಜೇಡರ ಬಲೆ ಇದೆಯೇ? ಅಂಚು ಸವೆದು ದುಂಡಾಗಿದೆಯೇ, ಈಗ ತಾನೇ ಮುರಿದಂತೆ ಚೂಪಾಗಿ ಇಟ್ಟಿಗೆಯ ತಾಜಾ ಕೆಂಪು ಕಾಣುತ್ತಿದೆಯೇ? ಹಿಂದೆ ಯಾರಾದರೂ ತುಂಬಿಸಿದ್ದು ಮತ್ತೆ ಬಿಟ್ಟುಕೊಂಡಿದೆಯೇ? ಹೊರಗಡೆಯೂ ಅದೇ ಜಾಗದಲ್ಲಿ ಕಾಣುತ್ತದೆಯೇ? ಅಗಲ ಮೇಲೆ ಹೆಚ್ಚೋ ಕೆಳಗೆ ಹೆಚ್ಚೋ? ಆ ಮೂಲೆಯಿಂದ ಹತ್ತಾರು ಹೆಜ್ಜೆಯೊಳಗೆ ದೊಡ್ಡ ಮರ, ಚರಂಡಿ, ನೀರಿನ ತೊಟ್ಟಿ ಏನಾದರೂ ಇದೆಯೇ? ಇದನ್ನೆಲ್ಲ ಬರೆದು ಹಾಕಿ.

ಚಾವಣಿ ಬೇರೆಯೇ ಕಥೆ. ಅದನ್ನು ಆಮೇಲೆ ಹೇಳುತ್ತೇನೆ.

ಲೆಕ್ಕದ ಪುಸ್ತಕ

ಗೃಹಸಾಲದ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಒಂದೇ ಮಾತು. ಬ್ಯಾಂಕಿನವರು ಮೌಲ್ಯಮಾಪನ ಮಾಡಿಸಿದ್ದಾರೆ, ಅವರೇ ಒಪ್ಪಿದ್ದಾರೆ ಅಂತ ಧೈರ್ಯ ತಗೋಬೇಡಿ. ಕೊಟ್ಟ ಸಾಲ ಈ ಆಸ್ತಿಯಿಂದ ವಸೂಲಾಗುತ್ತಾ ಅನ್ನೋದಷ್ಟೇ ಅವರ ಲೆಕ್ಕ. ಬಚ್ಚಲಿನ ಕಂಬಿ ನೋಡೋದು ಅವರ ಕೆಲಸವಲ್ಲ. ಮನೆ ವಿಮೆ ಇದೆಯಲ್ಲ ಅಂತಲೂ ಅಂದುಕೊಳ್ಳಬೇಡಿ. ಕೊಳ್ಳೋ ಮುಂಚೆಯೇ ಗೊತ್ತಿದ್ದ ದೋಷ, ನಿಧಾನಕ್ಕೆ ಆದ ಸವೆತ, ಇವನ್ನ ಸಾಮಾನ್ಯವಾಗಿ ವಿಮೆ ಹೊರಗಿಟ್ಟಿರುತ್ತೆ.

ರಿಪೇರಿ ಅಂದಾಜು ಹಾಕಿಸಿ, ಅಷ್ಟನ್ನ ಬೆಲೆಯಲ್ಲಿ ಇಳಿಸೋಕೆ ಹೇಳಿ. ಇಳಿಸಿದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ. ಇಷ್ಟೇ.

ಪಾಯದ ಕಲ್ಲು

"ಇಷ್ಟೇ" ಎನ್ನುವುದಕ್ಕೆ ನನ್ನ ಒಪ್ಪಿಗೆಯಿಲ್ಲ ಸರ್. ಕಾರಣ ಗೊತ್ತಿಲ್ಲದ ಬಿರುಕಿಗೆ ಯಾರು ಅಂದಾಜು ಹಾಕುತ್ತಾರೆ? ಬಿರುಕು ಮುಚ್ಚುವ ಖರ್ಚು ಅತ್ಯಲ್ಪ. ಅಡಿಪಾಯ ಕುಸಿಯುತ್ತಿದ್ದರೆ ಅದನ್ನು ಕೆಳಗಿನಿಂದ ಬಲಪಡಿಸುವ ಖರ್ಚು ಅದರ ಎಷ್ಟೋ ಪಟ್ಟು. ಬೆಲೆ ಇಳಿಸಿಕೊಳ್ಳುವುದು ಗೊತ್ತಿರುವ ದೋಷಕ್ಕೆ. ಗೊತ್ತಿಲ್ಲದ್ದಕ್ಕೆ ಬೆಲೆ ಇಳಿಸಿದರೆ ಎಷ್ಟು ಇಳಿಸಬೇಕೆಂದು ಇಬ್ಬರಿಗೂ ಗೊತ್ತಿರುವುದಿಲ್ಲ.

ಲೆಕ್ಕದ ಪುಸ್ತಕ

ಒಪ್ಪಿದೆ ಸರ್, ಮೊದಲು ಪರೀಕ್ಷೆ, ಆಮೇಲೆ ಚೌಕಾಸಿ. ಆದ್ರೆ ಚೌಕಾಸಿಯಲ್ಲೂ ಬಹಳ ಜನ ಗಮನಿಸದ ಒಂದು ವಿಷಯ ಇದೆ, ಅದನ್ನೂ ಹೇಳಿಬಿಡ್ತೀನಿ. ಸಾಲ ಮಾಡಿ ಕೊಳ್ಳೋರಿಗೆ ಬೆಲೆ ಇಳಿದ್ರೆ ಅಷ್ಟೂ ದುಡ್ಡು ಕೈಲಿ ಉಳಿಯಲ್ಲ. ಬೆಲೆಯ ಶೇ 80 ಸಾಲ, ಶೇ 20 ಕೈಯಿಂದ ಅಂತ ಇಟ್ಟುಕೊಳ್ಳಿ. ಬೆಲೆ 100 ಇಳಿದ್ರೆ ಸಾಲ 80 ಕಮ್ಮಿಯಾಗುತ್ತೆ, ನಿಮ್ಮ ಕೈಲಿ ಉಳಿಯೋದು 20 ಮಾತ್ರ. ರಿಪೇರಿಗೆ ಮೇಸ್ತ್ರಿಗೆ ಕೊಡಬೇಕಾದ್ದು ಪೂರ್ತಿ 100, ಅದೂ ರೊಕ್ಕ. ಅದಕ್ಕೇ ಕೆಲವು ಕೆಲಸಗಳನ್ನ ಮಾರೋರಿಂದಲೇ ನೋಂದಣಿಗೆ ಮುಂಚೆ ಮಾಡಿಸಿಕೊಳ್ಳೋದು ಬೆಲೆ ಇಳಿಸಿಕೊಳ್ಳೋದಕ್ಕಿಂತ ವಾಸಿ. ನೋಂದಣಿ ಖರ್ಚೆಲ್ಲಾ ಕಳೆದ ಮೇಲೆ ನಿಮ್ಮ ಹತ್ತಿರ ರೊಕ್ಕ ಎಷ್ಟು ಉಳಿಯುತ್ತೆ ಅಂತ ಇವತ್ತೇ ಬರೆದಿಟ್ಟುಕೊಳ್ಳಿ. ರಿಪೇರಿ ಅಂದಾಜಿನ ಮೇಲೆ ಕನಿಷ್ಠ ಐದರಲ್ಲೊಂದು ಪಾಲು ಹೆಚ್ಚಿಗೆ ಇರಲಿ. ಹಳೇ ಗೋಡೆ ಬಿಚ್ಚಿದ ಮೇಲೆ ಹೊಸ ಕೆಲಸ ಹುಟ್ಟದೇ ಇರೋದು ಅಪರೂಪ.

ಹೊಸಿಲು

ಎಲ್ಲರಿಗೂ ತುಂಬಾ ಧನ್ಯವಾದ. ಪಾಯದ ಕಲ್ಲು ಸರ್, ಮತ್ತೆ ಹೋಗಿ ನೋಡಿಕೊಂಡು ಬಂದ್ವಿ. ಬಿರುಕು ಒಳಗೂ ಇದೆ, ಹೊರಗೂ ಇದೆ. ಮೇಲೆ ಅಗಲ, ಕೆಳಗೆ ಬರ್ತಾ ಸಣ್ಣ. ಒಳಗಡೆ ಟಾರ್ಚ್ ಬಿಟ್ಟಾಗ ಒಂದು ಅಂಚಿಗೆ ಹಸಿರು ಬಣ್ಣ ಇಳಿದಿರೋದು ಕಾಣಿಸ್ತು. ಈಗ ಗೋಡೆಗಿರೋದು ಕೆನೆ ಬಣ್ಣ, ಅದರ ಕೆಳಗೆ ಹಸಿರು. ಆದ್ರೆ ಮೇಲಿನ ತುದಿಯಲ್ಲಿ ಒಂದು ಗೇಣಿನಷ್ಟು ಭಾಗದಲ್ಲಿ ಬಣ್ಣ ಇಲ್ಲ, ಅಂಚು ಚೂಪಾಗಿದೆ, ಇಟ್ಟಿಗೆ ಕೆಂಪಗೆ ಕಾಣುತ್ತೆ. ಅಡುಗೆಮನೆ ಬಾಗಿಲು ಹೊಸಿಲಿಗೆ ತಾಗುತ್ತೆ, ಎತ್ತಿ ಹಾಕಬೇಕು. ಆ ಮೂಲೆಯಲ್ಲೇ ಅಡುಗೆಮನೆ ನೀರು ಹೋಗೋ ಮೋರಿ ಇದೆ. ಹಿತ್ತಿಲಲ್ಲಿ ಒಂದು ದೊಡ್ಡ ಮರ, ಗೋಡೆಗೆ ಹತ್ತು-ಹನ್ನೆರಡು ಹೆಜ್ಜೆ ದೂರ. ಮಾರೋರು ಬೇಕಾದ್ರೆ ನಾಳೆನೇ ಮರ ಕಡಿಸಿಕೊಡ್ತೀನಿ ಅಂದ್ರು.

ಪಾಯದ ಕಲ್ಲು

ಮರ ಕಡಿಸಬೇಡಿ! ಅವರಿಗೆ ಇವತ್ತೇ ಫೋನ್ ಮಾಡಿ ಹೇಳಿ. ಜೇಡಿಮಣ್ಣಾಗಿದ್ದರೆ ಆ ಮರ ವರ್ಷಗಟ್ಟಲೆ ಮಣ್ಣಿನ ನೀರು ಹೀರಿ ಅದನ್ನು ಕುಗ್ಗಿಸಿಟ್ಟಿರುತ್ತದೆ. ಒಮ್ಮೆಲೇ ಕಡಿದರೆ ಮಣ್ಣು ಮತ್ತೆ ನೀರು ಕುಡಿದು ಉಬ್ಬುತ್ತದೆ, ಅಡಿಪಾಯವನ್ನು ಮೇಲಕ್ಕೆತ್ತುತ್ತದೆ. ಕುಸಿತಕ್ಕಿಂತ ಉಬ್ಬು ಸರಿಪಡಿಸುವುದು ಕಷ್ಟ. ಮಣ್ಣು ಯಾವುದೆಂದು ತಿಳಿಯುವವರೆಗೆ ಮರ ಇದ್ದಂತೆಯೇ ಇರಲಿ.

ನೀವು ಬರೆದದ್ದನ್ನು ಓದಿದರೆ ಅನಿಸುವುದು ಇದು. ಹಸಿರು ಬಣ್ಣದ ಕಾಲಕ್ಕೇ ಬಿರುಕು ಇತ್ತು, ಅಂದರೆ ಹಳೆಯದು. ಹಳೇ ಭಾಗ ತನ್ನ ಭಾರಕ್ಕೆ ಕೂರಬೇಕಾದಷ್ಟು ಎಂದೋ ಕೂತಿದೆ. ಹೊಸದಾಗಿ ಸೇರಿಸಿದ್ದು ಆಮೇಲೆ ಕೂರಲು ಶುರುಮಾಡುತ್ತದೆ. ಎರಡೂ ಸೇರುವ ಜಾಗದಲ್ಲಿ ಬಿಟ್ಟುಕೊಳ್ಳುವುದು ಸಹಜ, ಅಷ್ಟೇ ಆಗಿದ್ದರೆ ನಾನು ಚಿಂತೆ ಮಾಡುತ್ತಿರಲಿಲ್ಲ. ಆದರೆ ಮೇಲ್ತುದಿಯ ಆ ಗೇಣುದ್ದದ ತಾಜಾ ಭಾಗ ಬಿರುಕು ಈಚೆಗೆ ಮತ್ತೆ ಬೆಳೆದಿದೆ ಎನ್ನುತ್ತಿದೆ. ಮೇಲೆ ಅಗಲವಾಗಿರುವುದು ಹಿಂದಿನ ಮೂಲೆ ಕೆಳಗಿಳಿದು ಹೊರಕ್ಕೆ ವಾಲಿರುವುದಕ್ಕೆ ಹೊಂದುತ್ತದೆ. ಅದೇ ಮೂಲೆಯಲ್ಲಿ ಮೋರಿ. ನನ್ನ ಮೊದಲ ಅನುಮಾನ ಮೋರಿಯ ಮೇಲೆಯೇ. ಸೋರುವ ಪೈಪು ನುಣ್ಣನೆಯ ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ, ಉಳಿದದ್ದನ್ನು ಮೆತ್ತಗೆ ಮಾಡುತ್ತದೆ.

ಎರಡು ಕೆಲಸ ಮಾಡಿಸಿ. ಆ ಮೂಲೆಯಲ್ಲಿ ಅಡಿಪಾಯದ ತಳ ಕಾಣುವವರೆಗೆ ಒಂದು ಸಣ್ಣ ಗುಂಡಿ ತೋಡಿಸಿ, ಸ್ಥಳದಲ್ಲಿ ಇಂಜಿನಿಯರ್ ಇರಬೇಕು. ಮೋರಿ ಪೈಪಿನ ಕೆಳತುದಿ ಮುಚ್ಚಿ ನೀರು ತುಂಬಿಸಿ, ಮಟ್ಟ ಇಳಿಯುತ್ತದೆಯೇ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ನೀಲಿಕಿಟಕಿಯವರು ಹೇಳಿದ್ದೇ ಸರಿ.

ಈಗ ಚಾವಣಿ. ಹೊಸ ಕಾಂಕ್ರೀಟು ಬಲವಾದ ಕ್ಷಾರ, ಪಿಎಚ್ 12.5ರಿಂದ 13. ಆ ಕ್ಷಾರ ಇರುವವರೆಗೆ ಒಳಗಿನ ಕಂಬಿಯ ಮೈಮೇಲೆ ತೆಳುವಾದ ರಕ್ಷಣೆಯ ಪದರ ಇರುತ್ತದೆ, ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಮೇಲ್ಮೈಯಿಂದ ನಿಧಾನವಾಗಿ ಒಳಗಿಳಿದು ಆ ಕ್ಷಾರವನ್ನು 9ಕ್ಕಿಂತ ಕೆಳಕ್ಕೆ ತರುತ್ತದೆ. ಅದು ಕಂಬಿಯವರೆಗೆ ಮುಟ್ಟಿ, ಜೊತೆಗೆ ತೇವವೂ ಇದ್ದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಸೀಳಿ ಕೆಳಕ್ಕೆ ದೂಡುತ್ತದೆ. ಬಚ್ಚಲಿನಲ್ಲಿ ಸದಾ ತೇವ, ಆದ್ದರಿಂದ ಅಲ್ಲಿ ಮೊದಲು ಕಂಡಿದೆ. ನೀವು ಕೇಳಬೇಕಾದ್ದು ಅಡುಗೆಮನೆ ಮತ್ತು ಕೋಣೆಯ ಮೇಲಿನ ಚಾವಣಿ ಹೇಗಿದೆ ಎಂದು. ಸಣ್ಣ ಸುತ್ತಿಗೆಯಿಂದ ಚಾವಣಿಯುದ್ದಕ್ಕೂ ತಟ್ಟುತ್ತಾ ಹೋಗಲಿ. ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ, ಬಿಟ್ಟಿರುವ ಕಡೆ ಸದ್ದು ಮಂಕಾಗುತ್ತದೆ. ಎರಡು-ಮೂರು ಕಡೆ ಚೂರು ಒಡೆದು ತಾಜಾ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗಕ್ಕೆ ಬಣ್ಣ ಬರುವುದಿಲ್ಲ. ಬಣ್ಣ ಬಾರದ ಆಳವನ್ನೂ ಕಂಬಿ ಇರುವ ಆಳವನ್ನೂ ಅಳೆಯಿರಿ. ಜೊತೆಗೆ ಕ್ಲೋರೈಡ್, ಅಂದರೆ ಕಾಂಕ್ರೀಟಿನಲ್ಲಿ ಸೇರಿರುವ ಉಪ್ಪಿನ ಪರೀಕ್ಷೆಯೂ ಬೇಕು. ಸಿಮೆಂಟಿನ ತೂಕದ ಶೇ 0.4 ಅನ್ನು ಸಾಮಾನ್ಯವಾಗಿ ಮಿತಿ ಎಂದಿಟ್ಟುಕೊಳ್ಳುತ್ತೇವೆ. ಉಪ್ಪು ಹೆಚ್ಚಿದ್ದರೆ ಒಂದು ಕಡೆ ತೇಪೆ ಹಾಕಿದಾಗ ತೇಪೆಯ ಸುತ್ತಲಿನ ಕಂಬಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ, ಅಂಥಲ್ಲಿ ತೇಪೆಯ ಮಾತೇ ಬೇಡ.

ತೊಲೆಜಂತೆ

ತೇವದ ಬಗ್ಗೆ ನಾನು ಹೇಳ್ತೀನಿ ಅಕ್ಕ. ಹಳೇ ಮನೆಗಳ ಗಾರೆ ಕೆಲಸ, ಮರಗೆಲಸ ನಮ್ಮ ತಂದೆ ಕಾಲದಿಂದ ಮಾಡ್ಕೊಂಡು ಬಂದಿದ್ದೀವಿ.

ಮೊದ್ಲು ಕೇಳಿ, ತೇವ ಯಾವುದ್ರಲ್ಲಿ ಅಳೆದ್ರು? ಎರಡು ಮುಳ್ಳಿರೋ ಮೀಟರ್ ಗೋಡೆಗೆ ಚುಚ್ಚಿ ನೋಡಿದ್ರೆ ಅದನ್ನ ಪೂರ್ತಿ ನಂಬೋಕಾಗಲ್ಲ. ಅದು ಮರಕ್ಕೆ ಅಂತ ಲೆಕ್ಕ ಹಾಕಿ ಮಾಡಿರೋದು, ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ತೋರಿಸುತ್ತೆ. ಹಳೇ ಗೋಡೆಯಲ್ಲಿ ಉಪ್ಪು ಕೂತಿದ್ರೆ ಗೋಡೆ ಅಷ್ಟಾಗಿ ನೆನೆದಿಲ್ಲದಿದ್ರೂ ಮೀಟರ್ ಅಂಕಿ ಮೇಲೇರುತ್ತೆ. ಸರಿಯಾಗಿ ಗೊತ್ತಾಗ್ಬೇಕು ಅಂದ್ರೆ ಗೋಡೆ ಕೊರೆದು ಪುಡಿ ತೆಗೆದು ಕಾರ್ಬೈಡ್ ಡಬ್ಬಿಯಲ್ಲಿ ಹಾಕಿ ಅಳೀಬೇಕು, ತೇವ ತಾಗಿ ಏಳೋ ಗ್ಯಾಸಿನ ಒತ್ತಡ ನೋಡಿ ತೇವ ಎಷ್ಟು ಅಂತ ಹೇಳುತ್ತೆ ಅದು.

ಎರಡನೇದು, ಹೊರಗಡೆ ಮಣ್ಣು ಎಲ್ಲಿವರೆಗೆ ಬಂದಿದೆ ನೋಡಿ. ನಾನು ಕಂಡ ಹಳೇ ಮನೆಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾಯಿಲೆ. ವರ್ಷವರ್ಷ ಮಣ್ಣು ತುಂಬಿ, ಕಲ್ಲು ಹಾಸಿ, ಅದರ ಮೇಲೆ ಸಿಮೆಂಟ್ ಹಾಕಿ, ಹೊರಗಿನ ಮಟ್ಟ ಒಳಗಿನ ನೆಲಕ್ಕಿಂತ ಮೇಲೆ ಬಂದಿರುತ್ತೆ. ಆಗ ಗೋಡೆ ನೀರು ಕುಡೀದೇ ಏನು ಮಾಡುತ್ತೆ? ಮೂರನೇದು, ಸುಣ್ಣದ ಗೋಡೆಗೆ ಯಾರಾದ್ರೂ ಸಿಮೆಂಟ್ ಪ್ಲಾಸ್ಟರ್ ಮಾಡಿದ್ದಾರಾ? ಸುಣ್ಣದ ಗಾರೆ ಒಳಗಿನ ತೇವನ ಗಾಳಿಗೆ ಬಿಟ್ಟುಕೊಡುತ್ತೆ. ಸಿಮೆಂಟ್ ಬಳಿದ್ರೆ ಆ ದಾರಿ ಮುಚ್ಚಿಹೋಗಿ ನೀರು ಇನ್ನೂ ಮೇಲಕ್ಕೆ ಏರುತ್ತೆ. ಬಣ್ಣ ಹೊಪ್ಪಳಿಕೆ ಏಳೋದು, ಬಿಳೀ ಉಪ್ಪು ಮೊಗ್ಗಿನಂಗೆ ಒಡೆಯೋದು ಅದ್ರಿಂದ್ಲೇ.

ಗೋಡೆಗೆ ತೂತು ಹಾಕಿ ಔಷಧಿ ತುಂಬ್ತೀವಿ, ಗ್ಯಾರಂಟಿ ಕೊಡ್ತೀವಿ ಅಂತ ಬರೋರಿಗೆ ಈಗ್ಲೇ ದುಡ್ಡು ಕೊಡ್ಬೇಡಿ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ತಗ್ಗಿಸಿ, ಸೂರಿನ ನೀರು ಗೋಡೆಯಿಂದ ದೂರ ಬೀಳೋ ಹಂಗೆ ಮಾಡಿ, ಸಿಮೆಂಟ್ ಪ್ಲಾಸ್ಟರ್ ಕಿತ್ತುಹಾಕಿ. ಆಮೇಲೆ ಕಾಯಿರಿ. ಗೋಡೆ ಒಣಗೋದು ತಿಂಗಳಿಗೆ ಒಂದಿಂಚು ಅನ್ನೋದು ಕಸುಬಿನವರ ಲೆಕ್ಕ. ಹದಿನಾಲ್ಕು ಇಂಚಿನ ಗೋಡೆ ಅಂದ್ರೆ ವರ್ಷದ ಮೇಲೆ. ಅಲ್ಲಿವರೆಗೂ ಬಣ್ಣ ಬಳಿಯೋ ಹಂಗಿಲ್ಲ. ಖರ್ಚು ಕಮ್ಮಿ, ತಾಳ್ಮೆ ಜಾಸ್ತಿ ಬೇಕು.

ತೊಲೆಗೆ ದಬ್ಬಳ ತಗೊಂಡು ಹೋಗಿ. ತೊಲೆ ಗೋಡೆಯೊಳಗೆ ಹೋಗೋ ಜಾಗದಲ್ಲಿ, ಕೆಳಗಿನಿಂದ ಚುಚ್ಚಿ. ಗಟ್ಟಿ ಮರ ದಬ್ಬಳನ ಒಳಕ್ಕೆ ಬಿಡಲ್ಲ, ಕೀಳುವಾಗ ನಾರು ನಾರಾಗಿ ಸಿಬಿರು ಏಳುತ್ತೆ. ಕೊಳೆತಿದ್ರೆ ಸಲೀಸಾಗಿ ಇಳಿಯುತ್ತೆ, ಸಿಬಿರಿಲ್ಲದೆ ಪುಟ್ಟ ಪುಟ್ಟ ತುಂಡಾಗಿ ಮುರಿಯುತ್ತೆ. ಮರದಲ್ಲಿ ತೇವ ಶೇ 20ರ ಕೆಳಗಿದ್ರೆ ಕೊಳೆಸೋ ಬೂಷ್ಟು ಬೆಳೆಯಲ್ಲ. ಹಂಗಾಗಿ ತೊಲೆ ಉಳಿಸೋಕೂ ಮೊದ್ಲು ಗೋಡೆ ಒಣಗಿಸ್ಬೇಕು. ತುದಿ ಮಾತ್ರ ಹೋಗಿದ್ರೆ ಕತ್ತರಿಸಿ ಹೊಸ ಮರ ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿದ್ರೆ ಆಯ್ತು, ಇಡೀ ತೊಲೆ ತೆಗೀಬೇಕಾಗಿಲ್ಲ. ಗೆದ್ದಲಿನ ಮಣ್ಣಿನ ಗೆರೆ ಕಂಡ್ರೆ ಒಂದು ಕಡೆ ಒಡೆದು ಬನ್ನಿ. ಕೆಲವು ದಿನ ಬಿಟ್ಟು ನೋಡಿದಾಗ ಮತ್ತೆ ಕಟ್ಟಿದ್ರೆ ಹುಳ ಜೀವಂತ ಇದೆ ಅಂತ.

ಕರೆಂಟ್ ಕೆಲಸ

ವೈರಿಂಗ್ ಬಗ್ಗೆ ಚುಟುಕಾಗಿ. ಅರ್ಥಿಂಗ್ ಇಲ್ಲ ಅಂದ ಮೇಲೆ ಪೂರ್ತಿ ಹೊಸದಾಗಿ ಎಳೆಸಿ, ಅರ್ಧಂಬರ್ಧ ಬೇಡ. ಹಳೇ ರಬ್ಬರ್ ಹೊದಿಕೆಯ ವೈರ್ ಆದ್ರೆ ಮುಟ್ಟಿದ ಕಡೆ ಪುಡಿಯಾಗುತ್ತೆ. ಮಾರೋರು "ಇಷ್ಟು ವರ್ಷ ಏನೂ ಆಗಿಲ್ಲ" ಅಂದ್ರೆ ಮೆಗ್ಗರ್ ಹಾಕಿಸಿ, ವೈರಿನ ಹೊದಿಕೆ ಕರೆಂಟ್ ಸೋರದ ಹಾಗೆ ಎಷ್ಟು ತಡೆಯುತ್ತೆ ಅಂತ ಅಳೆಯೋ ಮೀಟರ್ ಅದು. 500 ವೋಲ್ಟ್ ಡಿಸಿ ಕೊಟ್ಟಾಗ ಒಂದು ಮೆಗಾಓಮ್‌ಗಿಂತ ಕೆಳಗೆ ಬಂದ್ರೆ ಆ ಲೈನ್ ಬಳಸೋ ಹಾಗಿಲ್ಲ. ಹೊಸದರಲ್ಲಿ 30 ಮಿಲಿಆಂಪಿಯರ್ ಆರ್‌ಸಿಡಿ (ಕರೆಂಟ್ ಸೋರಿದ್ರೆ ತಾನೇ ಲೈನ್ ಕಡಿಯೋ ಸ್ವಿಚ್) ಕಡ್ಡಾಯವಾಗಿ ಹಾಕಿಸಿ, ಮನೇಲಿ ವಯಸ್ಸಾದವರು ಇದ್ದಾರೆ. ಈ ಕೆಲಸ ಪ್ಲಾಸ್ಟರ್‌ಗೆ ಮುಂಚೆ ಆಗ್ಬೇಕು, ಇಲ್ಲಾಂದ್ರೆ ಗೋಡೆ ಎರಡು ಸಲ ಒಡೀಬೇಕಾಗುತ್ತೆ. ಖರ್ಚಿದೆ, ಆದ್ರೆ ಇದಕ್ಕೆ ಮನೆ ಬಿಡೋ ಅಷ್ಟಿಲ್ಲ.

ಹಿತ್ತಿಲ ಬಾಗಿಲು

ಎಲ್ಲರೂ ಗೋಡೆ, ಕಂಬಿ ಮಾತಾಡ್ತಿದ್ದೀರಿ, ಅದು ಬೇಕೇ ಬೇಕು. ನಾನು ಮನೆಯೊಳಗೆ ಇರೋರ ಬಗ್ಗೆ ಹೇಳ್ತೀನಿ. ನಾವೂ ಇಂಥದ್ದೇ ಮನೆ ತಗೊಂಡು, ಅದರಲ್ಲೇ ವಾಸ ಇದ್ದು ರಿಪೇರಿ ಮಾಡಿಸಿದ್ವಿ. ದುಡ್ಡು ಹೇಗೋ ಹೊಂದಿಸಿಕೊಂಡ್ವಿ. ಆಗದೇ ಇದ್ದಿದ್ದು ಧೂಳು. ಪ್ಲಾಸ್ಟರ್ ಕೀಳುವಾಗ ಬರೋ ಧೂಳು ಬಾಗಿಲು ಹಾಕಿದ್ರೂ, ಬಟ್ಟೆ ಕಟ್ಟಿದ್ರೂ ನಿಲ್ಲಲ್ಲ. ನಮ್ಮಮ್ಮನಿಗೆ ಉಸಿರಾಟದ ತೊಂದರೆ, ರಾತ್ರಿಯೆಲ್ಲಾ ಕೆಮ್ಮಿ ಕೆಮ್ಮಿ ಸುಸ್ತಾಗೋರು. ಒಂದೇ ಬಚ್ಚಲು, ಅದನ್ನೇ ಒಡೆದಾಗ ಅವರು ಪಟ್ಟ ಪಾಡು ಈಗಲೂ ನೆನಪಾದ್ರೆ ಕಣ್ಣು ತುಂಬುತ್ತೆ.

ನಿಮ್ಮದರಲ್ಲೂ ಒಡೀಬೇಕಾಗಿರೋದು ಬಚ್ಚಲನ್ನೇ. ಅತ್ತೆಯವರನ್ನ ಆ ಸಮಯದಲ್ಲಿ ಎಲ್ಲಿ ಇರಿಸ್ತೀರಿ? ಈಗಿರೋ ಮನೆ ಬಾಡಿಗೆಯದಾದ್ರೆ ಇನ್ನಷ್ಟು ತಿಂಗಳು ಉಳಿಸಿಕೊಳ್ಳೋಕಾಗುತ್ತಾ? ಆ ಬಾಡಿಗೆಯನ್ನೂ ಮನೆಯ ಬೆಲೆಗೆ ಸೇರಿಸಿ ನೋಡಿ. ಇನ್ನೊಂದು, ಹಿಂದಿನ ಭಾಗದಲ್ಲಿ ಎಲ್ಲಾದರೂ ಹಳೇ ಸಿಮೆಂಟ್ ಶೀಟ್ ಇದ್ರೆ ಅದು ಕಲ್ನಾರಿನದಾಗಿರಬಹುದು. ಕೊರೆಯೋದು, ಗರಗಸ ಹಾಕೋದು, ಒಡೆಯೋದು ಮಾಡಿಸಬೇಡಿ. ಅದರ ಎಳೆ ಉಸಿರಿನ ಜೊತೆ ಒಳಗೆ ಹೋದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಹೊಸಿಲು

ಹಿತ್ತಿಲ ಬಾಗಿಲು ಅವರೇ, ನಿಮ್ಮ ಮಾತು ನಮ್ಮೆಜಮಾನ್ರಿಗೆ ಓದಿ ಹೇಳಿದೆ. ನಾವು ಈ ಲೆಕ್ಕ ಹಾಕೇ ಇರಲಿಲ್ಲ. ಈಗಿರೋದು ಬಾಡಿಗೆ ಮನೆ, ಮಾಲೀಕರನ್ನ ಕೇಳಿದ್ವಿ, ಉಳಿಯಬಹುದು ಅಂದಿದ್ದಾರೆ. ಶೀಟ್ ಎಲ್ಲೂ ಇಲ್ಲ.

ಮಾರೋರಿಗೆ ಗುಂಡಿ ತೋಡೋ ವಿಷಯ ಹೇಳಿದಾಗ ಮೊದಲು ಮುಖ ಗಂಟು ಹಾಕಿಕೊಂಡ್ರು. ನಮ್ಮ ಖರ್ಚು, ಇದ್ದ ಹಾಗೇ ಮುಚ್ಚಿಸಿಕೊಡ್ತೀವಿ ಅಂತ ಬರೆದುಕೊಟ್ಟ ಮೇಲೆ ಒಪ್ಪಿದ್ರು. ಬೇರೆ ಪಾರ್ಟಿ ಮಾತು ಆಮೇಲೆ ಎತ್ತಲಿಲ್ಲ. ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿಕೊಟ್ಟಿದ್ದಾರೆ. ಅವರು ಬರೆದಿರೋದು ಹೀಗಿದೆ.

ಹಿಂದಿನ ಭಾಗದ ಅಡಿಪಾಯ ಮುಂದಿನದಕ್ಕಿಂತ ಮೇಲೇ ನಿಂತಿದೆ, ಅಷ್ಟು ಆಳಕ್ಕೆ ಇಳಿಸಿಲ್ಲ. ಮೇಲ್ಮಣ್ಣೆಲ್ಲ ಒಣಗಿದ್ರೂ ಗುಂಡಿಯ ತಳದಲ್ಲಿ ಮಣ್ಣು ಒದ್ದೆ. ಮಣ್ಣು ಮರಳು ಮಿಶ್ರಿತ, ಜೇಡಿ ಕಮ್ಮಿ. ಹಾಗಾಗಿ ಮರದ ಪಾತ್ರ ಇಲ್ಲ, ಅದು ಇರಲಿ ಅಂದ್ರು. ಮೋರಿ ಪೈಪಿಗೆ ನೀರು ತುಂಬಿಸಿದಾಗ ನಾವು ನೋಡ್ತಾ ನಿಂತಿದ್ದಂತೆಯೇ ಮಟ್ಟ ಇಳೀತು. ಗೋಡೆಯಿಂದ ಹೊರಗೆ ಬಂದ ಕೂಡಲೇ ಪೈಪಿನ ಜೋಡಣೆ ಬಿಟ್ಟಿದೆ. ಗುಂಡಿಯ ಪಕ್ಕದ ಮಣ್ಣಿನಿಂದ ನೀರು ಜಿನುಗಿ ಬಂದಿದ್ದನ್ನ ಕಣ್ಣಾರೆ ನೋಡಿದ್ವಿ.

ಚಾವಣಿ: ಬಚ್ಚಲಿನ ಮೇಲೆ ಬಣ್ಣ ಬಾರದ ಭಾಗ ಕಂಬಿ ದಾಟಿ ಹೋಗಿದೆ, ಕಂಬಿಯೂ ಸವೆದಿದೆ. ಅಷ್ಟು ಭಾಗ ತೆಗೆದು ಹೊಸದಾಗಿ ಹಾಕಬೇಕು. ಅಡುಗೆಮನೆ ಮತ್ತು ಕೋಣೆ ಮೇಲೆ ಬಣ್ಣ ಬಾರದ ಆಳ 10 ಮಿ.ಮೀ., ಕಂಬಿ ಇರೋದು 20 ಮಿ.ಮೀ. ಆಳದಲ್ಲಿ. ಕ್ಲೋರೈಡ್ ಮಿತಿಯೊಳಗಿದೆ. ತೊಲೆಗಳಲ್ಲಿ ಒಂದರ ತುದಿಗೆ ದಬ್ಬಳ ಬೆರಳುದ್ದ ಇಳೀತು, ಇನ್ನೊಂದು ಗಟ್ಟಿ. ಹೊರಗಿನ ಕಲ್ಲುಹಾಸು ಒಳಗಿನ ನೆಲಕ್ಕಿಂತ ಒಂದು ಗೇಣು ಮೇಲಿದೆ, ತೊಲೆಜಂತೆ ಅಣ್ಣ ಹೇಳಿದ ಹಾಗೇ.

10 ಮಿ.ಮೀ. ಆಗೋಕೆ 35 ವರ್ಷ ಆಯ್ತು ಅಂದ್ರೆ ಇನ್ನು 35 ವರ್ಷಕ್ಕೆ ಕಂಬಿ ಮುಟ್ಟುತ್ತೆ ಅಂತಾನಾ?

ಪಾಯದ ಕಲ್ಲು

ಇಲ್ಲ ಮೇಡಂ, ಲೆಕ್ಕ ಹಾಗೆ ಓಡುವುದಿಲ್ಲ. ಆಳ ಹೆಚ್ಚಿದಂತೆ ವೇಗ ತಗ್ಗುತ್ತದೆ. ಆಳವು ಕಾಲದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ, ಅಂದರೆ ಎರಡು ಪಟ್ಟು ಆಳಕ್ಕೆ ನಾಲ್ಕು ಪಟ್ಟು ಕಾಲ. 35ರ ನಾಲ್ಕು ಪಟ್ಟು 140 ವರ್ಷ, ಅದರಲ್ಲಿ 35 ಕಳೆದಿದೆ. ಇದು ಸ್ಥೂಲ ಲೆಕ್ಕ. ಬಿರುಕು ಬಿಟ್ಟ ಕಡೆ, ಕಂಬಿ ಇನ್ನೂ ಮೇಲಿರುವ ಕಡೆ ಬೇಗ ಮುಟ್ಟಬಹುದು. ತಾರಸಿಯಿಂದ ನೀರು ಇಳಿಯದಂತೆ ನೋಡಿಕೊಂಡರೆ ಆ ಚಾವಣಿಯ ಬಗ್ಗೆ ನೀವು ನಿದ್ದೆಗೆಡಬೇಕಾಗಿಲ್ಲ.

ಇಡೀ ವರದಿಯಲ್ಲಿ ನನಗೆ ಸಮಾಧಾನ ತಂದದ್ದು ಒದ್ದೆ ಮಣ್ಣು ಮತ್ತು ಒಡೆದ ಪೈಪು. ಚಲನೆಗೆ ಕಾರಣ ಸಿಕ್ಕಿತು, ಅದೂ ಸರಿಪಡಿಸಬಹುದಾದ ಕಾರಣ. ಆದರೂ ಪೈಪು ಸರಿಯಾದ ಮೇಲೆ ಬಿರುಕು ನಿಂತಿದೆ ಎಂದು ಅಳೆದು ತಿಳಿಯುವವರೆಗೆ ಅದು ಅನುಮಾನವೇ.

ನೀಲಿಕಿಟಕಿ

ಅವರು ಗುಂಡಿ ತೋಡೋಕೆ ಬಿಟ್ಟಿದ್ದು ಒಳ್ಳೇ ಲಕ್ಷಣ. ನಾನು ಮೊದಲು ಬಿಟ್ಟುಬಿಡಿ ಅನ್ನೋ ಕಡೆಗಿದ್ದೆ, ಈಗ ಹಾಗೆ ಅನ್ನಲ್ಲ. ಆದ್ರೆ ಕಾಯದೆ ನೋಂದಣಿಗೆ ಹೋಗಬೇಡಿ.

ಹೊಸಿಲು

ಮನೇಲಿ ಎಲ್ಲರೂ ಕೂತು ಮಾತಾಡಿದ್ವಿ. ಅತ್ತೆ "ನನಗೋಸ್ಕರ ಅಂತ ಅವಸರ ಮಾಡ್ಬೇಡಿ, ನಾನು ಕಾಯ್ತೀನಿ" ಅಂದ್ರು. ನಮ್ಮೆಜಮಾನ್ರು ಎಲ್ಲಾ ಖರ್ಚು ಸೇರಿಸಿ ಒಂದು ಲೆಕ್ಕ ಮಾಡಿದ್ರು: ಬಚ್ಚಲಿನ ಚಾವಣಿ, ವೈರಿಂಗ್, ತೊಲೆ ತುದಿ, ಹೊರಗಿನ ಮಣ್ಣು ತಗ್ಗಿಸೋದು, ಪ್ಲಾಸ್ಟರ್, ಅಷ್ಟು ತಿಂಗಳ ಬಾಡಿಗೆ, ಅದರ ಮೇಲೆ ಐದರಲ್ಲೊಂದು ಪಾಲು. ನೋಂದಣಿ ಆದ ಮೇಲೆ ಕೈಲಿ ಉಳಿಯೋ ರೊಕ್ಕದಲ್ಲಿ ಇಷ್ಟೂ ಆಗಲ್ಲ. ಬಚ್ಚಲಿನ ಚಾವಣಿ ಮತ್ತು ಮೋರಿ ಅವರೇ ಮಾಡಿಸಿಕೊಟ್ರೆ ಆಗುತ್ತೆ.

ಅದನ್ನೇ ಮಾರೋರ ಮುಂದೆ ಇಟ್ವಿ. ಒಪ್ಪಿದ ಬೆಲೆಯಲ್ಲಿ ಸ್ವಲ್ಪ ಮಾತ್ರ ಇಳಿಸಿ, ಮೋರಿ ಮತ್ತು ಬಚ್ಚಲಿನ ಚಾವಣಿ ನೀವು ಮಾಡಿಸಿ, ಆಮೇಲೆ ಮಳೆಗಾಲ ಮುಗಿಯೋವರೆಗೆ ಬಿರುಕು ಅಳೆಯೋಣ, ನಿಂತಿದ್ರೆ ನೋಂದಣಿ. ಎರಡು ದಿನ ಯೋಚಿಸಿ ಒಪ್ಪಿದ್ರು. ಒಪ್ಪದಿದ್ರೆ ಬಿಡೋಕೆ ನಾನೂ ತಯಾರಾಗಿದ್ದೆ. ಈಗ ಕರಾರು ಬರೆಸಬೇಕು. ಬಿರುಕಿಗೆ ಗಾಜಿನ ಪಟ್ಟಿ ಅಂಟಿಸಿ, ಒಡೆದ್ರೆ ಮುಂಗಡ ವಾಪಸ್ ಅಂತ ಬರೆಸಿದ್ರೆ ಸಾಕಾ?

ಪಾಯದ ಕಲ್ಲು

ಗಾಜು ಬೇಡ. ಒಡೆದರೆ ಏನೋ ಅಲುಗಿತು ಎಂದಷ್ಟೇ ತಿಳಿಯುತ್ತದೆ. ಎಷ್ಟು, ಯಾವ ಕಡೆಗೆ ಎಂಬುದು ತಿಳಿಯುವುದಿಲ್ಲ. ಯಾರದೋ ಕೈ ತಾಗಿಯೂ ಒಡೆಯಬಹುದು, ಆಮೇಲೆ ಜಗಳ. ಬಿರುಕಿನ ಎರಡೂ ಬದಿ ಸಣ್ಣ ಸ್ಕ್ರೂ ಕೂರಿಸಿ ಅವುಗಳ ನಡುವಿನ ದೂರವನ್ನು ಕ್ಯಾಲಿಪರ್‌ನಿಂದ ಅಳೆಯಿರಿ. ತ್ರಿಕೋನವಾಗಿ ಮೂರು ಸ್ಕ್ರೂ ಇದ್ದರೆ ಪಕ್ಕಕ್ಕೂ ಕೆಳಕ್ಕೂ ಎಷ್ಟು ಸರಿದಿದೆ ಎಂದು ಬೇರೆ ಬೇರೆ ಸಿಗುತ್ತದೆ. ಮೇಲ್ತುದಿಯಲ್ಲಿ ಒಂದು, ಕಿಟಕಿಯ ಮೂಲೆಯ ಹತ್ತಿರ ಒಂದು, ಹೀಗೆ ಎರಡು ಕಡೆ ಹಾಕಿಸಿ. ಅಳೆಯುವುದು ಪ್ರತಿ ಸಲ ಬೆಳಗ್ಗೆ ಒಂದೇ ಹೊತ್ತಿಗೆ, ಆ ಹೊತ್ತಿನ ಉಷ್ಣಾಂಶವನ್ನೂ ಬರೆಯಿರಿ. ಬಿಸಿಲಿಗೆ ಗೋಡೆ ಹಿಗ್ಗಿ ಕುಗ್ಗಿ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು ಆಚೀಚೆ ಆಗುವುದು ಸಹಜ. ಆದ್ದರಿಂದ ಕರಾರಿನಲ್ಲಿ ಒಂದು ಸಲದ ಅಳತೆಯ ಮೇಲೆ ಷರತ್ತು ಇಡಬೇಡಿ. ಸತತವಾಗಿ ಒಂದೇ ದಿಕ್ಕಿಗೆ ಬೆಳೆಯುತ್ತಾ ಹೋದರೆ ಎಂದಿರಲಿ, ಅದನ್ನು ತೀರ್ಮಾನಿಸುವ ಇಂಜಿನಿಯರ್ ಯಾರೆಂಬುದನ್ನೂ ಈಗಲೇ ಹೆಸರಿಸಿ. ಅಳತೆಯ ಪುಸ್ತಕಕ್ಕೆ ಪ್ರತಿ ಸಲ ಇಬ್ಬರೂ ಸಹಿ ಹಾಕಿ.

ಲೆಕ್ಕದ ಪುಸ್ತಕ

ಮೋರಿ ಬಗ್ಗೆ "ದುರಸ್ತಿ ಮಾಡಿಸತಕ್ಕದ್ದು" ಅಂತಷ್ಟೇ ಬರೆಸಬೇಡಿ. ಪೈಪು ಬದಲಿಸಿದ ಮೇಲೆ, ಮಣ್ಣು ಮುಚ್ಚೋ ಮುಂಚೆ, ನಿಮ್ಮ ಇಂಜಿನಿಯರ್ ಎದುರಲ್ಲೇ ಮತ್ತೆ ನೀರು ತುಂಬಿಸಿ ಪರೀಕ್ಷೆ ಆಗಬೇಕು ಅಂತ ಬರೆಸಿ. ಚಾವಣಿಗೂ ಹಾಗೇ, ಕಂಬಿ ಕಟ್ಟಿದ ಮೇಲೆ ಕಾಂಕ್ರೀಟು ಹಾಕೋ ಮುಂಚೆ ಅವರು ನೋಡಬೇಕು. ಮುಂಗಡ ಚಿಕ್ಕದಾಗಿರಲಿ. ವಾಪಸ್ ಕೊಡೋಕೆ ಗಡುವು ಎಷ್ಟು ದಿನ ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ.

ಹೊಸಿಲು

ಇದೆಲ್ಲಾ ಸೇರಿಸಿ ಕರಡು ಮಾಡಿಸಿದ್ದೀವಿ, ನಾಳೆ ವಕೀಲರಿಗೆ ಕೊಡ್ತೀವಿ. ಸೋಮವಾರ ಮೋರಿ ಕೆಲಸ ಶುರು ಅಂದಿದ್ದಾರೆ. ಸ್ಕ್ರೂಗಳನ್ನ ಅದಕ್ಕೂ ಮುಂಚೆ, ಭಾನುವಾರವೇ ಕೂರಿಸಿ ಮೊದಲ ಅಳತೆ ತಗೋತೀವಿ. ತೊಲೆಜಂತೆ ಅಣ್ಣ, ಕಲ್ಲುಹಾಸು ತೆಗೆಯೋವಾಗ ಗೋಡೆ ಬುಡದಲ್ಲಿ ಎಷ್ಟು ಅಗಲಕ್ಕೆ ಮಣ್ಣು ತಗ್ಗಿಸಬೇಕು, ಅದರಲ್ಲಿ ಜಲ್ಲಿ ತುಂಬಿಸಬೇಕಾ?

ತೊಲೆಜಂತೆ

ಒಂದು ಮೊಳ ಅಗಲ ಸಾಕು ಅಕ್ಕ. ಆದ್ರೆ ಒಂದೇ ಸಲಕ್ಕೆ ಗೋಡೆಯುದ್ದಕ್ಕೂ ಅಗೀಬೇಡಿ, ತುಂಡು ತುಂಡಾಗಿ ಮಾಡಿಸಿ, ಅಡಿಪಾಯದ ತಳದವರೆಗೂ ಹೋಗ್ಬೇಡಿ. ಒಳಗಿನ ನೆಲಕ್ಕಿಂತ ಒಂದು ಗೇಣು ಕೆಳಗೆ ಬಂದ್ರೆ ಆಯ್ತು. ಇಳಿಜಾರು ಗೋಡೆಯಿಂದ ಹೊರಕ್ಕಿರಲಿ. ಜಲ್ಲಿ ತುಂಬಿಸೋದಾದ್ರೆ ಅದರೊಳಗೆ ನಿಂತ ನೀರು ಹೊರಗೆ ಹೋಗೋಕೆ ದಾರಿ ಮಾಡಿಟ್ಟೇ ತುಂಬಿಸಿ, ದಾರಿ ಇಲ್ಲಾಂದ್ರೆ ಬರೀ ಇಳಿಜಾರು ಮಾಡಿ ಬಿಡಿ.